ಎಂಟಕ್ಕೊಂದು ನಕ್ಷತ್ರ

ಹೊಗೆಸೊಪ್ಪನ್ನು ತವೆಯ ಮೇಲೆ ಹುರಿಯುವ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮೂರು ದಿನ ಬಿಡುವುದಿಲ್ಲ. ಮೊದಲು ಕಣ್ಣಲ್ಲಿ ನೀರು, ಆಮೇಲೆ ಗಂಟಲಲ್ಲಿ ಕೆರೆತ, ಆಮೇಲೆ ಸಾಲಾಗಿ ಹನ್ನೊಂದು ಸೀನು. ಹೋದ ಭಾನುವಾರ ಖಾನಾಪುರದಲ್ಲಿ ನನಗೆ ಹಾಗೇ ಆಯಿತು. ನಾನು ಅಲ್ಲಿಗೆ ಹೋದದ್ದು ಕ್ರಿಕೆಟ್ ಆಡಲು. ಎರಡನೇ ಬಾಲಿಗೇ ಔಟಾದೆ. ಆ ಬಾಲು ಎಷ್ಟು ಭಯಂಕರವಾಗಿ ತಿರುಗಿತೆಂದರೆ... ಇರಲಿ, ಅದರಲ್ಲಿ ಅಂಪೈರನ ತಪ್ಪೂ ಇದೆ. ಮೈದಾನದಲ್ಲಿ ನಿಂತು ಬೈಸಿಕೊಳ್ಳುವುದಕ್ಕಿಂತ ಚಹಾ ಕುಡಿಯುವುದು ಲೇಸೆಂದು ಊರೊಳಗೆ ಬಂದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಿಂದ ಆ ವಾಸನೆ ಬಂತು. ಯಾರೋ ಮಿಶ್ರಿ ಮಾಡುತ್ತಿದ್ದರು. ಹೊಗೆಸೊಪ್ಪನ್ನು ಕಪ್ಪಗಾಗುವ ತನಕ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿ ತುಂಬಿಟ್ಟುಕೊಂಡು ಬೆಳಿಗ್ಗೆ ಸಂಜೆ ಬೆರಳಿನಿಂದ ಹಲ್ಲಿಗೆ ಉಜ್ಜುವ ಪುಡಿ ಅದು. ಒಂಬತ್ತನೇ ಸೀನಿಗೆ ನನಗೆ ಮಾವಶಿ ನೆನಪಾದಳು.

ನನಗೀಗ ಹದಿನೇಳು. ಈ ವಯಸ್ಸಿನವನು "ಬಹಳ ವರ್ಷಗಳ ಹಿಂದೆ" ಎಂದರೆ ಜನ ನಗುತ್ತಾರೆ. ಆದರೂ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಅಂದರೆ ನಾಲ್ಕು ವರ್ಷಗಳ ಹಿಂದೆ, ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಮಾವಶಿ ಬಾಡಿಗೆಗಿದ್ದಳು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ರಕ್ತಸಂಬಂಧವೇನೂ ಇಲ್ಲ. ನಮ್ಮ ಕಡೆ ಬಾಜು ಮನೆಯ ಹೆಂಗಸು ನಿಮ್ಮ ಅವ್ವನಿಗಿಂತ ಚಂದ ರೊಟ್ಟಿ ಬಡಿದರೆ ತಾನಾಗಿಯೇ ಮಾವಶಿ ಆಗುತ್ತಾಳೆ. ಖಾನಾಪುರದವಳು. ನನ್ನನ್ನು ಕರೆಯುತ್ತಿದ್ದದ್ದು ಬಾಳಾ, ಅಂದರೆ ಮಗೂ ಎಂದು. ಮಾತನ್ನು ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದಳು, ಬೈಗುಳಕ್ಕೆ ಮಾತ್ರ ಎರಡೂ ಭಾಷೆಗೆ ಸಮಪಾಲು. ಒಂದು ಖಾನಾವಳಿಗೆ ದಿನಕ್ಕೆ ನೂರೈವತ್ತು ರೊಟ್ಟಿ ಬಡಿದು ಕೊಡುತ್ತಿದ್ದಳು. ಸಾಲಿಯಲ್ಲಿ ಕ್ಲಾಸಿನ ಹುಡುಗರಿಗೆ ನಾನು ಐನೂರು ಎಂದು ಹೇಳಿದ್ದೆ. ಒಬ್ಬ ನಂಬಲಿಲ್ಲ, ಅವನಿಗೆ ಆರುನೂರು ಎಂದೆ.

ಮಾವಶಿಯ ಖ್ಯಾತಿ ಇದ್ದದ್ದು ಎರಡು ವಿಷಯಕ್ಕೆ, ಹಲ್ಲು ಮತ್ತು ನಗು. ಕಬ್ಬಿನ ಟ್ರ್ಯಾಕ್ಟರಿನಿಂದ ನಾವು ಹುಡುಗರು ಎಳೆದು ತಂದ ಕಬ್ಬನ್ನು ಅವಳ ಮುಂದೆ ಇಟ್ಟರೆ ಸಾಕು, ನಾವು ಒಂದು ಗಣ್ಣು ಸುಲಿಯುವಷ್ಟರಲ್ಲಿ ಅವಳು ಇಡೀ ಜಲ್ಲೆ ಸುಲಿದು ಬುಡವನ್ನು ನಮ್ಮ ಕೈಗೆ ಕೊಟ್ಟು ತುದಿಯಿಂದ ಬೆನ್ನಿಗೆ ಬಾರಿಸುತ್ತಿದ್ದಳು. ನಗುವಾಗ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಪೂರ್ತಿ ತೆರೆದು ನಗುತ್ತಿದ್ದಳು. ಆ ಸದ್ದಿಗೆ ಅಲ್ಲಿ ಕೋಟೆಯ ಕಂದಕದ ಕಪ್ಪೆಗಳು ನೀರಿಗೆ ಹಾರುತ್ತಿದ್ದವು. ಸರಿ, ನಮ್ಮ ಮನೆಗೂ ಕೋಟೆಗೂ ದೂರ ಬಹಳ, ಕಪ್ಪೆಗಳ ವಿಷಯ ಬಿಡಿ. ಆದರೆ ನಮ್ಮ ಅಂಗಳದ ಬೆಕ್ಕು ಏಳುತ್ತಿದ್ದದ್ದು ನಿಜ. ನಗುವಾಗ ಮೂವತ್ತೆರಡೂ ಹಲ್ಲು ಕಾಣುತ್ತಿದ್ದವೆಂದು ಓಣಿಯವರು ಹೇಳುತ್ತಿದ್ದರು. ನಾನು ಎಣಿಸಿದ್ದೇನೆ, ಇಪ್ಪತ್ತೆಂಟು.

ಎಣಿಸುವ ಪ್ರಸಂಗ ಬಂದದ್ದು ನನ್ನಿಂದಲೇ. ಕುಂದಾ ಮಿಠಾಯಿ ತಿಂದು ತಿಂದು ನನ್ನ ಒಂದು ದವಡೆ ಹಲ್ಲಿನಲ್ಲಿ ಗುಹೆಯಾಗಿತ್ತು. ಅವ್ವನಿಗೆ ಆಫೀಸು, ಅಪ್ಪನಿಗೆ ಫೌಂಡ್ರಿಯಲ್ಲಿ ಶಿಫ್ಟು. ಹಾಗಾಗಿ ಮಾವಶಿ ನನ್ನನ್ನು ಸಿಟಿ ಬಸ್ಸಿನಲ್ಲಿ ಕೂರಿಸಿಕೊಂಡು ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರ್ ಮೇಡಂ ಕರಾವಳಿ ಕಡೆಯವರು, ಪಾಠ ಓದಿದ ಹಾಗೆ ಮಾತಾಡುತ್ತಿದ್ದರು. ನನ್ನ ಹಲ್ಲು ತುಂಬಿದ ಮೇಲೆ ಒಂದು ಸಣ್ಣ ಉಕ್ಕಿನ ಕಡ್ಡಿ ತೆಗೆದುಕೊಂಡರು. ತುದಿಯಲ್ಲಿ ಗೀಟು ಗೀಟು, ಗೊಂಬೆಗೆಂದು ಮಾಡಿದ ಅಳತೆಪಟ್ಟಿಯ ಹಾಗೆ. ಅದನ್ನು ಹಲ್ಲಿಗೂ ಒಸಡಿಗೂ ನಡುವೆ ಮೆಲ್ಲಗೆ ಇಳಿಸಿ "ಎರಡು, ಮೂರು, ಎರಡು" ಎಂದರು. ಅಷ್ಟೇ ಬಂದದ್ದಕ್ಕೆ ನನಗೆ ಅವಮಾನವಾಯಿತು. ಇಷ್ಟರಲ್ಲಿ, ಸೂಜಿ ಕಂಡು ನಾನು ಕಿರುಚಿದ್ದನ್ನು ನೆನೆಸಿಕೊಂಡು ಮಾವಶಿ ಜೋರಾಗಿ ನಕ್ಕಳು. ಮೇಡಂ ಅವಳ ತೆರೆದ ಬಾಯನ್ನೇ ನೋಡಿದರು. ನೀವೂ ಸ್ವಲ್ಪ ಕುಳಿತುಕೊಳ್ಳಿ, ನೋಡೋಣ ಎಂದರು. ಮಾವಶಿ ಚಕ್ಕಡಿ ಹತ್ತುವ ಹಾಗೆ ಆ ಕುರ್ಚಿ ಹತ್ತಿದಳು.

ಅವತ್ತು ಬರೆದುಕೊಳ್ಳುವ ಸಿಸ್ಟರ್ ರಜೆಯಲ್ಲಿದ್ದರು. ನಿನ್ನ ಅಕ್ಷರ ಚೆನ್ನಾಗಿದೆಯೇ ಎಂದು ಮೇಡಂ ಕೇಳಿದರು. ಜಿಲ್ಲೆಗೇ ಫಸ್ಟ್ ಎಂದೆ. ಒಂದು ಹಾಳೆ ಕೊಟ್ಟರು. ಅದರಲ್ಲಿ ಎರಡು ಸಾಲು ಹಲ್ಲುಗಳ ಚಿತ್ರ, ಸುತ್ತ ಸಣ್ಣ ಸಣ್ಣ ಚೌಕದ ಮನೆಗಳು. ಒಂದೊಂದು ಹಲ್ಲಿಗೆ ಹೊರಗಡೆ ಮೂರು, ಒಳಗಡೆ ಮೂರು ಅಳತೆ. ಪ್ರತಿ ಮನೆಯ ಕೆಳಗೆ ಇನ್ನೊಂದು ಖಾಲಿ ಮನೆ. ಅದೇಕೆ ಎಂದು ಕೇಳಿದೆ. ಚಿಕಿತ್ಸೆ ಮಾಡಿ ಕೆಲವು ತಿಂಗಳ ನಂತರ ಮತ್ತೆ ಅಳೆದು ಬರೆಯುವುದಕ್ಕೆ ಎಂದರು. ನಮ್ಮ ಭಾಷೆಯಲ್ಲಿ ಸಪ್ಲಿಮೆಂಟರಿ ಎಂದುಕೊಂಡೆ.

ಮೇಡಂ ಕಡ್ಡಿಯನ್ನು ಹಲ್ಲಿನ ಸುತ್ತ ನಡೆಸುತ್ತ ಅಂಕಿ ಹೇಳುತ್ತ ಹೋದರು. ಐದು, ಆರು, ಐದು. ಆರು, ಏಳು, ಆರು. ನಾನು ಬರೆಯುತ್ತ ಹೋದೆ, ಇಪ್ಪತ್ತೆಂಟು ಹಲ್ಲಿಗೆ ಒಟ್ಟು ನೂರ ಅರವತ್ತೆಂಟು ಅಂಕಿ. ಪ್ರತಿ ಸಲ ಕೆಲವು ಕ್ಷಣ ಕಾದು, ರಕ್ತ ಬಂತೇ ಎಂದು ನೋಡುತ್ತಿದ್ದರು. ಎಲ್ಲೂ ಬರಲಿಲ್ಲ. ಆಮೇಲೆ ಎರಡು ಹತ್ಯಾರಗಳ ಹಿಡಿಕೆಯ ನಡುವೆ ಒಂದೊಂದೇ ಹಲ್ಲನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿ ನೋಡಿದರು. ಕೆಳಗಿನ ಮುಂದಿನ ಹಲ್ಲಿಗೆ ಎಂಟು ಬಂತು. ಅಷ್ಟು ದೊಡ್ಡ ಅಂಕಿ ಬಂದ ಖುಷಿಗೆ ನಾನು ಅದರ ಪಕ್ಕ ಒಂದು ನಕ್ಷತ್ರ ಬರೆದೆ. ಮಾವಶಿ ಕುರ್ಚಿಯಲ್ಲಿ ಅಂಗಾತ ಮಲಗಿ ಕಣ್ಣು ಹೊರಳಿಸಿ ಅದನ್ನು ನೋಡಿದಳು.

ಮುಗಿದ ಮೇಲೆ ಮೇಡಂ ಅವಳಿಗೆ ಎಲ್ಲ ಹೇಳಿದರು. ಪಾಠದ ಕನ್ನಡ, ಅದೂ ಓಟದಲ್ಲಿ. ಮಾವಶಿ ಪ್ರತಿ ವಾಕ್ಯಕ್ಕೂ ತಲೆ ಆಡಿಸಿದಳು. ಕೇಳಿಸುತ್ತಿದೆ ಎನ್ನುವುದಕ್ಕೆ ಆಡಿಸಿದ್ದು, ತಿಳಿಯಿತು ಎನ್ನುವುದಕ್ಕಲ್ಲ. ಮೇಡಂಗೆ ಸಂಶಯ ಬಂದಿರಬೇಕು. ಅವಳು ಬಾಯಿ ಮುಕ್ಕಳಿಸಲು ಹೋದಾಗ ನನ್ನನ್ನು ಹತ್ತಿರ ಕರೆದು ಬಿಡಿಸಿ ಹೇಳಿದರು. ಅಳತೆ ಮೂರು ಮಿಲಿಮೀಟರಿನ ಒಳಗಿದ್ದರೆ ಒಸಡು ಹಲ್ಲನ್ನು ಬಿಗಿಯಾಗಿ ಹಿಡಿದಿದೆ ಎಂದರ್ಥ. ಕಡ್ಡಿ ಅದಕ್ಕಿಂತ ಆಳಕ್ಕೆ ಇಳಿದರೆ ಒಸಡಿನ ಕೆಳಗೆ ಚೀಲದಂತಾಗಿ, ಬುಡದ ಎಲುಬು ಸವೆದಿದೆ. ಮಿಶ್ರಿ ಉಜ್ಜುವವರಿಗೆ ರಕ್ತ ಬರುವುದಿಲ್ಲ, ಹಾಗಾಗಿ ಎಲ್ಲ ಗಟ್ಟಿ ಇದೆ ಎಂದುಕೊಂಡಿರುತ್ತಾರೆ. ಮಿಶ್ರಿ ಬಿಡಿಸಬೇಕು, ಮುಂದಿನ ವಾರ ನಿನ್ನ ತಾಯಿಯ ಜೊತೆ ಕಳಿಸು, ನಾಲ್ಕು ಸಲ ಬಂದು ಸ್ವಚ್ಛ ಮಾಡಿಸಿಕೊಂಡರೆ ಬಹಳಷ್ಟು ಹಲ್ಲು ಉಳಿಯುತ್ತವೆ ಎಂದರು. ಇನ್ನೂ ಒಂದು ಮಾತು ಹೇಳಿದರು. ಅಷ್ಟರಲ್ಲಿ ನಾನು ಕುರ್ಚಿಯನ್ನು ಮೇಲೆ ಕೆಳಗೆ ಮಾಡುವ ಪೆಡಲಿನ ಮೇಲೆ ಕಾಲಿಟ್ಟು ನೋಡುತ್ತಿದ್ದೆ...

ಹಾಳೆಯನ್ನು ಮೇಡಂ ಫೈಲಿನಲ್ಲಿಟ್ಟುಕೊಂಡರು. ವಾಪಸ್ ಬಸ್ಸಿನಲ್ಲಿ ಮಾವಶಿ ಕಿಟಕಿ ಪಕ್ಕ ಕೂತು, ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು. ಸಾಲಿಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ರೊಟ್ಟಿ ಎಣಿಸಿ ಎಣಿಸಿ ಅಂಕಿ ಗೊತ್ತಿತ್ತು.

"ನಿನಗ ಎರಡ, ಮೂರ. ನನಗ ಏಳ, ಎಂಟ," ಎಂದಳು. "ಅಂದ್ರ ನಾ ನಿನಕಿಂತ ಶಾಣ್ಯಾಕಿ ಆದ್ನೆಲ್ಲೋ ಬಾಳಾ?"

ಅವಳ ಮುಖ ನೋಡಿದೆ. ಪಾಸಾದವರ ಮುಖದ ಹಾಗೆ ಹೊಳೆಯುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಖರೇ ಹೇಳಿದರಾಯಿತು ಎಂದುಕೊಂಡು, "ಹೌದ ಮಾವಶಿ. ನೀ ಫಸ್ಟ್ ಕ್ಲಾಸ್," ಎಂದೆ.

ಮುಂದಿನ ಸ್ಟಾಪು ಬರುವಷ್ಟರಲ್ಲಿ ಅವಳು ಕಂಡಕ್ಟರನಿಗೆ ಹೇಳಿಬಿಟ್ಟಿದ್ದಳು. ನಮ್ಮ ಓಣಿ ಬರುವಷ್ಟರಲ್ಲಿ ಅರ್ಧ ಬಸ್ಸಿಗೆ ಗೊತ್ತಾಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರ ಮುಂದೆ ನಾನು ಖರೇ ಹೇಳಬೇಕಿತ್ತು. ಆದರೆ ಅವರೆಲ್ಲ ನನ್ನ ಕಡೆ ತಿರುಗಿ ಕೂತಿದ್ದರು, ಮತ್ತು ಜನ ನನ್ನ ಕಡೆ ತಿರುಗಿ ಕೂತರೆ ನನಗೆ ಏನೋ ಆಗುತ್ತದೆ. ಡಾಕ್ಟರ್ ಕಡ್ಡಿ ಬಾಗಿ ಹೋಯಿತು ಎಂದೆ. ಇಂಥ ಹಲ್ಲು ಬೆಳಗಾವಿಯಲ್ಲೇ ಇಲ್ಲವೆಂದು ಮೇಡಂ ಎದ್ದು ನಿಂತರು ಎಂದೆ. ನೂರ ಅರವತ್ತೆಂಟು ಪ್ರಶ್ನೆಯ ಪರೀಕ್ಷೆ, ಒಂದು ಹನಿ ರಕ್ತ ಬಂದಿಲ್ಲ ಎಂದೆ. ಈ ಕೊನೆಯದು ಮಾತ್ರ ನಿಜ, ಮತ್ತು ಅದೇ ಎಲ್ಲಕ್ಕಿಂತ ಕೆಟ್ಟದ್ದು. ಅಂದು ಸಂಜೆ ಬಿಸಿ ರೊಟ್ಟಿ, ಅದರ ಮೇಲೆ ನಿಂಬೆಕಾಯಿ ಗಾತ್ರದ ಬೆಣ್ಣೆ, ಶೇಂಗಾ ಚಟ್ನಿ ನನ್ನ ಮುಂದೆ ಬಂತು. ಮರುದಿನವೂ ಬಂತು. ಅವ್ವ ಕೇಳಿದಾಗ ಎಲ್ಲ ಆರಾಮ ಐತಿ ಎಂದೆ. ದಿನಾ ರಾತ್ರಿ, ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ದಿನಾ ಸಂಜೆ ಬೆಣ್ಣೆ ಬರುತ್ತಿತ್ತು.

ಆದರೂ ಅವಳು ಕಬ್ಬು ಕಚ್ಚುವಾಗ ಎಂಟು ಬಂದ ಆ ಹಲ್ಲು ನನ್ನ ಕಣ್ಣಿಗೆ ಕಾಣುತ್ತಿತ್ತು. ನಾನು ಶಾಣ್ಯಾ ಅಲ್ಲವೇ, ಸುಳ್ಳನ್ನು ಒಪ್ಪಿಕೊಳ್ಳದೆಯೇ ಅವಳ ಹಲ್ಲು ಉಳಿಸುವ ಯುಕ್ತಿ ಮಾಡಿದೆ. ಹದಿನೈದು ದಿನ ಮಿಶ್ರಿ ಇಲ್ಲದೆ ಇರಲು ನಿನ್ನಿಂದ ಆಗುವುದಿಲ್ಲ ಎಂದು ಪಂಥ ಕಟ್ಟಿದೆ. ಮಾವಶಿಗೆ ಆಗುವುದಿಲ್ಲ ಎಂದರೆ ಮುಗಿಯಿತು. ಸೊಂಟದಿಂದ ಡಬ್ಬಿ ತೆಗೆದು ನನ್ನ ಕೈಗೆ ಹಾಕಿದಳು. ಸಣ್ಣ ತಗಡಿನ ಡಬ್ಬಿ, ಮುಚ್ಚಳದ ಬಣ್ಣ ಬೆರಳಿಗೆ ಸವೆದು ಹೋಗಿತ್ತು. ಮೊದಲ ಮೂರು ದಿನ ಸಿಡಿಮಿಡಿಗೊಂಡಳು. ಖಾನಾವಳಿಯವನ ಜೊತೆ ಜಗಳವಾಡಿದಳು, ಬೆಕ್ಕಿನ ಜೊತೆಯೂ. ಆದರೆ ಮುಟ್ಟಲಿಲ್ಲ. ನಾನು ಒಳಗೊಳಗೇ ನನಗೊಂದು ಹಾರ ಹಾಕಿಕೊಂಡೆ.

ಹತ್ತನೇ ದಿನ ಬೆಳಿಗ್ಗೆ ಅವಳು ನನ್ನನ್ನು ಹಿತ್ತಲಿಗೆ ಕರೆದಳು. ಕಲ್ಲಿನ ಮೇಲೆ ಉಗುಳಿದ್ದನ್ನು ತೋರಿಸಿದಳು. ಕೆಂಪಗಿತ್ತು.

"ಮೂವತ್ತ ವರ್ಷ ಮಿಶ್ರಿ ಹಚ್ಚೇನಿ, ಒಂದ ಹನಿ ರಕ್ತ ಕಂಡಿಲ್ಲ. ಬಿಟ್ಟ ಹತ್ತ ದಿನಕ್ಕ ನೋಡ ಹಿಂಗಾತು. ಕೊಡ ನನ್ನ ಡಬ್ಬಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅವಳು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಅವಳಿಗಿಂತ ಹೆಚ್ಚು ಹೆದರಿದೆ. ಓಡಿ ಹೋಗಿ ಡಬ್ಬಿ ತಂದು ಕೊಟ್ಟೆ. ಎರಡು ವಾರದಲ್ಲಿ ರಕ್ತ ನಿಂತಿತು. ಮಿಶ್ರಿ ಔಷಧಿ ಎಂದು ಅವಳಿಗೆ ಖಾತ್ರಿಯಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಆಯಿತು. ಕಟ್ಟೆಯ ಮೇಲಿನ ಇಬ್ಬರು ಹೆಂಗಸರು ಅವಳ ಮಾತು ಕೇಳಿ ಹೊಸದಾಗಿ ಶುರು ಮಾಡಿದರು.

ಮತ್ತೆ ಕಬ್ಬಿನ ಕಾಲ ಬಂತು. ಅಂಗಳದಲ್ಲಿ ನಾವು ಏಳೆಂಟು ಹುಡುಗರು ಸುತ್ತ ನಿಂತಿದ್ದೆವು. ಮಾವಶಿ ಜಲ್ಲೆಗೆ ಬಾಯಿ ಹಾಕಿ ಸಿಪ್ಪೆ ಎಳೆದಳು. ಸಿಪ್ಪೆಯ ಜೊತೆ ಎಂಟು ಬಂದ ಆ ಹಲ್ಲೂ ಬಂತು. ಸದ್ದಿಲ್ಲ, ನೋವಿಲ್ಲ... ಕಬ್ಬಿನಲ್ಲಿ ಬಿಳಿ ಬೀಜ ಚುಚ್ಚಿಟ್ಟ ಹಾಗೆ ನಿಂತಿತ್ತು. ಅವಳು ನಗುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ಹಲ್ಲನ್ನು ಬಿಡಿಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಸುಲಿಯದೆ ಉಳಿದ ಅರ್ಧ ಜಲ್ಲೆಯನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಅವ್ವ ರಜೆ ಹಾಕಿ ಅವಳನ್ನು ದವಾಖಾನೆಗೆ ಕರೆದೊಯ್ದಳು. ನನಗೆ ಹೊಟ್ಟೆನೋವೆಂದೆ, ಅವ್ವ ನಂಬಲಿಲ್ಲ, ನಾನೂ ಹೋದೆ. ಮೇಡಂ ನೋಡಿದರು, ಅಳೆದರು, ಹಳೆಯ ಹಾಳೆ ಹುಡುಕಿ ತೆಗೆದು ಅವ್ವನ ಮುಂದಿಟ್ಟರು. ಯಾವ ಅಂಕಿ ಎಂದರೆ ಏನೆಂದು ಈ ಸಲ ಬೆರಳಿಟ್ಟು, ನಿಧಾನವಾಗಿ ಹೇಳಿದರು. ದೊಡ್ಡ ಅಂಕಿ ಬಂದಷ್ಟೂ ಕೆಟ್ಟದ್ದು ಎಂಬ ಮಾತು ಮಾವಶಿಗೂ ತಿಳಿಯಿತು. ಅವಳು ಮಿಶ್ರಿ ಬಿಟ್ಟಾಗ ರಕ್ತ ಬಂದ ಕಥೆ ಹೇಳಿದಳು. ಮೇಡಂ ಕಡ್ಡಿ ಕೆಳಗಿಟ್ಟರು.

"ಬಿಟ್ಟ ಮೇಲೆ ಮೊದಲು ರಕ್ತ ಬರುತ್ತದೆ, ಹೆದರಬೇಡಿ ಅಂತ ಅವತ್ತೇ ಹೇಳಿದ್ದೆನಲ್ಲ. ಮಿಶ್ರಿ ತಡೆದಿಟ್ಟ ರಕ್ತ ಒಸಡಿಗೆ ಮತ್ತೆ ಬರುತ್ತಿದೆ ಎಂದರ್ಥ ಅದು. ಆಗಲೇ ಬಂದಿದ್ದರೆ... ಈ ಹುಡುಗನಿಗೆ ಸರಿಯಾಗಿ ಹೇಳಿ ಕಳಿಸಿದ್ದೆ."

ಪೆಡಲಿನ ಮೇಲೆ ಕಾಲಿಟ್ಟಾಗ ತಪ್ಪಿಸಿಕೊಂಡ ಮಾತು ಅದು. ಅವ್ವ ನನ್ನ ಕಡೆ ನೋಡಿದಳು. ಅವ್ವನ ನೋಟ ನನಗೆ ಅಭ್ಯಾಸವಿದೆ. ಮಾವಶಿ ನೋಡಲಿಲ್ಲ. ಹಾಳೆಯನ್ನೇ ನೋಡುತ್ತಿದ್ದಳು. ಅದನ್ನು ತನಗೆ ಕೊಡುತ್ತೀರಾ ಎಂದು ಮೇಡಂಗೆ ಕೇಳಿದಳು. ಅವರು ಫೋಟೋ ತೆಗೆದುಕೊಂಡು ಕೊಟ್ಟರು, ಚಿಕಿತ್ಸೆ ಮುಗಿದ ಮೇಲೆ ಇದನ್ನೇ ತನ್ನಿ, ಕೆಳಗಿನ ಖಾಲಿ ಮನೆಗಳನ್ನು ತುಂಬೋಣ ಎಂದರು.

ಬಸ್ ಸ್ಟಾಪಿನಲ್ಲಿ ಅವ್ವ ಮುಂದೆ ನಿಂತಿದ್ದಳು. ನಾನು ಹಿಂದೆ, ಮೈಯೆಲ್ಲ ಕಿವಿಯಾಗಿ ಬೈಗುಳಕ್ಕೆ ಕಾಯುತ್ತಿದ್ದೆ. ಕನ್ನಡದಲ್ಲಾದರೂ ಸರಿ, ಮರಾಠಿಯಲ್ಲಾದರೂ ಸರಿ. ಮಾವಶಿ ಹಾಳೆ ಬಿಚ್ಚಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ಹೇಳಿದಳು.

"ಎಂಟಕ್ಕ ಎಷ್ಟ ಚಂದ ಚುಕ್ಕಿ ಬರದಿದ್ದೆಲ್ಲೋ ಬಾಳಾ."

ಅಷ್ಟೇ. ಆಮೇಲೆ ಆ ವಿಷಯ ಅವಳು ಎತ್ತಲೇ ಇಲ್ಲ. ಸಂಜೆ ರೊಟ್ಟಿ ಬಂತು, ಮೇಲೆ ಬೆಣ್ಣೆಯೂ ಇತ್ತು. ಆ ಬೆಣ್ಣೆಯನ್ನು ನುಂಗಲು ನಾನು ಪಟ್ಟ ಕಷ್ಟ... ಇದರಲ್ಲಿ ಒಂದಿಷ್ಟೂ ಉಬ್ಬಿಸಿ ಹೇಳುತ್ತಿಲ್ಲ.

ಅಂದಿನಿಂದ ಅವಳ ಸೆರಗು ಬಾಯಿಯ ಮೇಲೇ ಇತ್ತು. ನಾನು ಕೋತಿಯ ಹಾಗೆ ಕುಣಿದೆ, ಹೆಡ್‌ಮಾಸ್ತರರ ದನಿಯಲ್ಲಿ ಮಾತಾಡಿದೆ, ಅಂಗಳದಲ್ಲಿ ಬೇಕೆಂದೇ ಜಾರಿ ಬಿದ್ದೆ. ಅವಳ ಭುಜ ಅಲುಗುತ್ತಿತ್ತು, ಬೆಕ್ಕು ಏಳುತ್ತಿರಲಿಲ್ಲ. ಒಂದೇ ಒಂದು ಸಲ ಸ್ವಚ್ಛ ಮಾಡಿಸಿಕೊಂಡು ಬಂದಳು. ಎರಡನೇ ಸಲಕ್ಕೆ ಮೊದಲೇ ಖಾನಾವಳಿಯವನು ರೊಟ್ಟಿ ಮಾಡುವ ಮಷೀನು ತಂದ. ಕೆಲಸ ಹೋದ ಮೇಲೆ ಖೋಲಿ ಬಿಟ್ಟು ಖಾನಾಪುರಕ್ಕೆ ತಮ್ಮನ ಮನೆಗೆ ಹೋದಳು. ಹೋಗುವ ದಿನ ನಾನು ಟೆರೇಸಿನ ಮೇಲಿದ್ದೆ. ಕೆಳಗಿನಿಂದ ಎರಡು ಸಲ ಕರೆದಳು. ಕೇಳಿಸಲಿಲ್ಲ ಎಂದು ಆಮೇಲೆ ಅವ್ವನಿಗೆ ಹೇಳಿದೆ.

ಹೋದ ವರ್ಷ ಮಳೆಗಾಲದಲ್ಲಿ ಜ್ವರ ಬಂದು ಮಾವಶಿ ತೀರಿಕೊಂಡಳು. ಅವ್ವ ಹೋಗಿ ಬಂದಳು. ನನಗೆ ಟೆಸ್ಟ್ ಇತ್ತು. ಇರಲಿಲ್ಲ.

ಹೋದ ಭಾನುವಾರ ಆ ವಾಸನೆಯ ಬೆನ್ನು ಹತ್ತಿ ಓಣಿಯೊಳಗೆ ಹೋದರೆ, ಮೂರನೇ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ತವೆ ಇಟ್ಟುಕೊಂಡು ಕೂತಿದ್ದರು. ಮಾವಶಿಯ ತಮ್ಮನ ಮನೆ ಇದೇ ಓಣಿಯಲ್ಲಿ ಎಂದು ಅವ್ವ ಹೇಳಿದ್ದು ನೆನಪಿತ್ತು, ಕೇಳಿದೆ. ಅವರೇ ತಮ್ಮನ ಹೆಂಡತಿ. ಬೆಳಗಾವಿಯವನು, ಹಿಂದಿನ ಖೋಲಿಯ ಮನೆಯ ಹುಡುಗ ಎಂದೊಡನೆ ಅವರು ಕೈ ಒರೆಸಿಕೊಂಡು ಎದ್ದರು. ಬರ್ರಿ, ಕುಂದರ್ರಿ ಎಂದು ಚಾಪೆ ಹಾಸಿದರು, ನನಗೆ ಬಹುವಚನ ಕೊಟ್ಟದ್ದು ಬಹುಶಃ ಅವರೊಬ್ಬರೇ. ಒಳಗೆ ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಚೀಲದಲ್ಲಿ ರೇಷನ್ ಕಾರ್ಡ್, ಒಂದು ಫೋಟೋ, ನಾಲ್ಕು ಮಡಿಕೆಯ ಆ ಹಾಳೆ.

ಊರಿಗೆ ಬಂದವರಿಗೆಲ್ಲ ಅವಳು ಅದನ್ನು ತೋರಿಸುತ್ತಿದ್ದಳಂತೆ. ತಾನು ಸಾಲಿ ಕಲಿಯಲಿಲ್ಲ, ಆದರೂ ಬೆಳಗಾವಿಯಲ್ಲಿ ಒಬ್ಬ ಹುಡುಗ ತನ್ನನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿ ಚುಕ್ಕಿ ಹಾಕಿ ಕೊಟ್ಟಿದ್ದಾನೆ, ನೋಡಿ ಎನ್ನುತ್ತಿದ್ದಳಂತೆ. ಅಂಕಿಗಳ ಅರ್ಥವನ್ನು ಯಾರಿಗೂ ಹೇಳಿರಲಿಲ್ಲ.

"ಹೇಳೂವಾಗ ನಗತಿದ್ಳೇನ್ರಿ?" ಎಂದು ಕೇಳಿದೆ.

ಅವರು ಸ್ವಲ್ಪ ಯೋಚಿಸಿದರು. "ನಗತಿದ್ರಿ. ಕೇಳಸ್ತಿತ್ತು, ಕಾಣಸ್ತಿದ್ದಿಲ್ಲ."

ತವೆಯ ಮೇಲೆ ಸೊಪ್ಪು ಸೀಯುತ್ತಿತ್ತು. ನಾನು ಅವರಿಗೆ ಎಲ್ಲ ಹೇಳಿದೆ. ಕಡ್ಡಿ, ಅಂಕಿ, ಮೂರು ಎಂದರೆ ಏನು, ಎಂಟು ಎಂದರೆ ಏನು. ಮಿಶ್ರಿ ಬಿಟ್ಟರೆ ಮೊದಲು ರಕ್ತ ಬರುತ್ತದೆ, ಆಗ ಹೆದರಿ ಮತ್ತೆ ಹಚ್ಚಬೇಡಿ, ಡಾಕ್ಟರ ಹತ್ತಿರ ಹೋಗಿ ಎಂದು ಎರಡು ಸಲ ಹೇಳಿದೆ. ಒಂದು ಮಾತೂ ಸೇರಿಸಲಿಲ್ಲ, ಒಂದೂ ಬಿಡಲಿಲ್ಲ. ಓಟು ಕೇಳಲು ಬಂದವನ ಭಾಷಣ ಕೇಳುವ ಹಾಗೆ ಅವರು ಕೇಳಿದರು. ಆದರೆ ಹೊರಡುವಾಗ ನೋಡಿದೆ, ತವೆಯನ್ನು ಒಲೆಯಿಂದ ಕೆಳಗಿಟ್ಟಿದ್ದರು. ಸೀದ ಸೊಪ್ಪನ್ನು ಚೆಲ್ಲಲಿಕ್ಕೋ, ಬೇರೆ ಯಾತಕ್ಕೋ... ಗೊತ್ತಿಲ್ಲ. ಹಾಳೆಯನ್ನು ನನಗೇ ಕೊಟ್ಟರು.

ಈಗ ಅದು ನನ್ನ ಟೇಬಲ್ ಮೇಲಿದೆ. ಮಡಿಕೆಗಳಲ್ಲಿ ಮಿಶ್ರಿಯ ಕರಿಪುಡಿ ಸೇರಿಕೊಂಡಿದೆ, ಬಿಚ್ಚಿದಾಗಲೆಲ್ಲ ಸೀನು ಬರುತ್ತದೆ. ಮೇಲಿನ ಮನೆಗಳಲ್ಲಿ ನನ್ನ ಅಕ್ಷರ, ನೂರ ಅರವತ್ತೆಂಟೂ ಭರ್ತಿ. ಅವುಗಳ ಕೆಳಗಿನ ಸಪ್ಲಿಮೆಂಟರಿ ಮನೆಗಳು ಪೂರ್ತಿ ಖಾಲಿ. ನಿನ್ನೆ ಪೆನ್ನು ತೆಗೆದುಕೊಂಡು ಕೂತೆ. ಎರಡು, ಮೂರು, ಎರಡು ಎಂದು ತುಂಬುತ್ತ ಹೋದರೆ ಹತ್ತು ನಿಮಿಷದ ಕೆಲಸ. ಎಲ್ಲ ಒಸಡು ಗಟ್ಟಿ, ಎಲ್ಲ ಹಲ್ಲು ಜಾಗದಲ್ಲಿ, ಬಾಯಿ ಪೂರ್ತಿ ತೆರೆದ ಮಾವಶಿ... ಸುಳ್ಳು ಬರೆಯುವುದರಲ್ಲಿ ಈ ಸದಾಶಿವನಗರದಲ್ಲಿ ನನ್ನನ್ನು ಮೀರಿಸುವವರಿಲ್ಲ.

ಪೆನ್ನಿನ ಟೋಪಿ ಹಾಕಿದೆ. ಹಾಳೆಯನ್ನು ಅವಳು ಮಡಿಚಿದ್ದ ಮಡಿಕೆಯಲ್ಲೇ ಮಡಿಚಿಟ್ಟೆ.